ಕೃತಕ ಕವಾಟದಲ್ಲಿ ಗ್ರೇಡಿಯಂಟ್ ಏರಿದಾಗ: ಎಕೋ ಹಿಡಿದು ದೋಷ ಹುಡುಕುವ ಬಗೆ

“ಡಾಕ್ಟರ್ರೀ, ಎರಡ್ ದಿನಾ ಆತ್ರಿ, ಆಕಿ ಎದಿಯಾಗಿನ ಟಿಕ್ ಟಿಕ್ ಸಪ್ಪಳ ಕೇಳಸವಲ್ದು.”

ಉಸಿರು ಕಟ್ಟಿ ರಾತ್ರಿಯಿಡೀ ಮಲಗಲಾಗದೆ ಕೂತೇ ಇದ್ದ 34 ವರ್ಷದ ಹೆಣ್ಣುಮಗಳೊಬ್ಬಳ ಗಂಡ ಹೇಳಿದ ಮಾತಿದು. ರುಮ್ಯಾಟಿಕ್ ಕಾಯಿಲೆಯಿಂದ ಕೆಟ್ಟಿದ್ದ ಮೈಟ್ರಲ್ ಕವಾಟ (ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿಗಳ ನಡುವಿನದು) ತೆಗೆದು ಮೂರು ವರ್ಷದ ಹಿಂದೆ ಆಕೆಗೆ ಎರಡು ರೆಕ್ಕೆಯ ಮೆಕ್ಯಾನಿಕಲ್ ವಾಲ್ವ್ ಹಾಕಿದ್ದರು. ಪಾಳಿಯಲ್ಲಿದ್ದ ಕಿರಿಯ ವೈದ್ಯರ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿ ಆಗಲೇ ನನ್ನ ಮುಂದಿತ್ತು: ಮೀನ್ ಗ್ರೇಡಿಯಂಟ್ (ಕವಾಟದ ಎರಡು ಬದಿಯ ಒತ್ತಡದ ಸರಾಸರಿ ವ್ಯತ್ಯಾಸ) 14 ಮಿ.ಮೀ. ಪಾದರಸ, ಬಡಿತ 118, ಹಿಮೋಗ್ಲೋಬಿನ್ 9, ಬಡಿತ ಹೆಚ್ಚಿರುವ ಕಾರಣ ಗ್ರೇಡಿಯಂಟ್ ಹೆಚ್ಚಿದೆ. ತರ್ಕ ತಪ್ಪೇನಲ್ಲ. ನಾನೂ ಸಹಿ ಹಾಕಲು ಪೆನ್ನು ತೆಗೆದಿದ್ದೆ. ಗಂಡನ ಮಾತು ಕಿವಿಗೆ ಬಿದ್ದ ಮೇಲೆ ಪೆನ್ನು ಬಿಟ್ಟು ಪ್ರೋಬ್ ಹಿಡಿದೆ.

ಕವಾಟದ ಚಿಕಿತ್ಸೆಯಾದವರಿಗೆ ಎಕೋ ಮಾಡುವ ಕಿರಿಯ ವೈದ್ಯರಿಗೂ ತಂತ್ರಜ್ಞರಿಗೂ ಈ ಬರಹ. ಗ್ರೇಡಿಯಂಟ್ ಅನ್ನುವುದು ರೋಗದ ಹೆಸರಲ್ಲ, ಜ್ವರದ ಹಾಗೆ ಒಂದು ಲಕ್ಷಣ. ಅದರ ಹಿಂದೆ ಏನಿದೆ ಎಂದು ಹುಡುಕುವ ದಾರಿಯನ್ನು ನಾನು ಅನುಸರಿಸುವ ಕ್ರಮದಲ್ಲೇ ಬರೆಯುತ್ತೇನೆ.

ಪ್ರೋಬ್ ಹಿಡಿಯುವ ಮೊದಲು

ಮೊದಲು ವಾಲ್ವ್ ಕಾರ್ಡ್ ಕೇಳಿ. ಯಾವ ಜಾತಿಯ ಕವಾಟ, ಎಷ್ಟು ಮಿ.ಮೀ. ಅಳತೆ, ಯಾವಾಗ ಹಾಕಿದ್ದು? ಇದು ಗೊತ್ತಿಲ್ಲದೆ ಎಕೋಗೆ ಕೂತರೆ ಸಹಜವಾದ ಸೋರಿಕೆಯನ್ನು ದೋಷವೆಂದೂ, ದೋಷವನ್ನು ಸಹಜವೆಂದೂ ಬರೆಯುವ ಸಾಧ್ಯತೆ ಬಹಳ. ಕಾರ್ಡ್ ಮನೆಯಲ್ಲಿದ್ದರೆ ಫೋನಿನಲ್ಲಿ ಫೋಟೋ ತರಿಸಿಕೊಳ್ಳಿ. ಅದರ ಜೊತೆಗೆ ಬಿಡುಗಡೆಯ ಹೊತ್ತಿನ ಹಳೆಯ ಎಕೋ ವರದಿಯೂ ಬೇಕು. ಪುಸ್ತಕದ ಸಾಮಾನ್ಯ ಮಟ್ಟಕ್ಕಿಂತ ಆ ರೋಗಿಯದೇ ಹಳೆಯ ಸಂಖ್ಯೆ ನೂರು ಪಾಲು ಮೇಲು. ನಮ್ಮ ಈ ಹೆಣ್ಣುಮಗಳ ಹಳೆಯ ಕಾಗದದಲ್ಲಿ “ಗ್ರೇಡಿಯಂಟ್ 4, ಬಡಿತ 76” ಎಂದಿತ್ತು. ಆ ಒಂದು ಸಾಲು ಬರೆದಿಟ್ಟವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಆಮೇಲೆ ರಕ್ತ ತೆಳು ಮಾಡುವ ಮಾತ್ರೆಯ ವಿಚಾರ. “ಮಾತ್ರೆ ತಗೋತೀರಾ?” ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. “ಈಚೆಗೆ ಹಲ್ಲು ಕೀಳಿಸಿದ್ರಾ? ಊರಿಗೆ ಹೋಗಿದ್ರಾ? ಬೇರೆ ಔಷಧಿ ಏನಾದರೂ ಶುರು ಮಾಡಿದ್ರಾ? ಸೊಪ್ಪು ಜಾಸ್ತಿ ತಿಂತಿದ್ದೀರಾ?” ಎಂದು ಬಿಡಿಸಿ ಕೇಳಬೇಕು. ಈಕೆ ಹಲ್ಲು ಕೀಳಿಸಲೆಂದು ಮಾತ್ರೆ ನಿಲ್ಲಿಸಿದ್ದಳು, ಮತ್ತೆ ಶುರು ಮಾಡಿ ಎಂದು ಯಾರೂ ಹೇಳಿರಲಿಲ್ಲ, ಹತ್ತು ದಿನ ಕಳೆದಿತ್ತು. ರಕ್ತ ಎಷ್ಟು ತೆಳುವಾಗಿದೆ ಎಂದು ಹೇಳುವ ಐಎನ್‌ಆರ್ 1.2. ಮೈಟ್ರಲ್ ಜಾಗದ ಮೆಕ್ಯಾನಿಕಲ್ ಕವಾಟಕ್ಕೆ ಅದು 3ರ ಆಸುಪಾಸಿನಲ್ಲಿರಬೇಕು.

ಇನ್ನು ಸದ್ದು. ಮೆಕ್ಯಾನಿಕಲ್ ಕವಾಟ ಮುಚ್ಚುವಾಗಿನ ಟಿಕ್ ಸದ್ದನ್ನು ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದಲ್ಲಿ ಮಲಗಿದವರೂ ಕೇಳಿಸಿಕೊಂಡಿರುತ್ತಾರೆ. ಅದು ಮಂಕಾದರೆ ನಮಗಿಂತ ಮೊದಲು ಅವರಿಗೆ ತಿಳಿಯುತ್ತದೆ. ಸ್ಟೆತಾಸ್ಕೋಪ್ ಇಟ್ಟು ಕೇಳಲು ಅರ್ಧ ನಿಮಿಷ ಸಾಕು, ಅದನ್ನು ಬಿಡಬೇಡಿ.

ಸಂಖ್ಯೆ ನಂಬುವಂಥದ್ದೇ?

ಮೈಟ್ರಲ್ ಗ್ರೇಡಿಯಂಟ್ ಬಡಿತದ ಜೊತೆಗೆ ಏರಿಳಿಯುತ್ತದೆ. ಬಡಿತ ವೇಗವಾದಂತೆ ಹೃದಯ ತುಂಬಿಕೊಳ್ಳುವ ಅವಧಿ ಕಿರಿದಾಗುತ್ತದೆ, ಅಷ್ಟೇ ರಕ್ತ ಕಡಿಮೆ ಸಮಯದಲ್ಲಿ ಹಾಯಬೇಕಾಗುತ್ತದೆ. ಆದ್ದರಿಂದ ಬಡಿತವಿಲ್ಲದೆ ಗ್ರೇಡಿಯಂಟನ್ನು ಬರೆಯಲೇಬಾರದು. ಇದರ ಮಗ್ಗುಲು ಇನ್ನೊಂದಿದೆ, ಅದನ್ನು ಮರೆಯುವವರೇ ಹೆಚ್ಚು. ಬಡಿತ 52 ಇರುವವರಲ್ಲಿ, ಅಥವಾ ಹೃದಯ ದುರ್ಬಲವಾಗಿ ರಕ್ತ ಕಡಿಮೆ ಹೊರಹಾಕುತ್ತಿರುವವರಲ್ಲಿ, ಕವಾಟ ಕಟ್ಟಿಕೊಂಡಿದ್ದರೂ ಗ್ರೇಡಿಯಂಟ್ 7ರಲ್ಲೇ ನಿಂತಿರಬಹುದು. ಸಣ್ಣ ಸಂಖ್ಯೆ ಕಂಡು ನಿಶ್ಚಿಂತರಾಗಬೇಡಿ.

ರಕ್ತದ ವೇಗ ಅಳೆಯುವ ಡಾಪ್ಲರ್ ಕಿರಣ ಹರಿವಿನ ದಿಕ್ಕಿಗೆ ಸಮಾನಾಂತರವಾಗಿ ನಿಂತಿರಬೇಕು. 20 ಡಿಗ್ರಿ ಓರೆಯಾದರೆ ವೇಗ ಶೇ. 6ರಷ್ಟು ಕಡಿಮೆ ಕಾಣುತ್ತದೆ. ಗ್ರೇಡಿಯಂಟ್ ವೇಗದ ವರ್ಗದ ಮೇಲೆ ನಿಂತಿರುವುದರಿಂದ ಅಲ್ಲಿ ತಪ್ಪು ಶೇ. 12ರ ಹತ್ತಿರ ಹೋಗುತ್ತದೆ. ರುಮ್ಯಾಟಿಕ್ ರೋಗಿಗಳಲ್ಲಿ ಬಡಿತ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಸಾಮಾನ್ಯ, ಹಾಗಾಗಿ ಒಂದೇ ಬಡಿತ ಅಳೆದು ಬಿಡದೆ ಐದಾರು ಬಡಿತದ ಸರಾಸರಿ ತೆಗೆಯಿರಿ. ರೆಕ್ಕೆ ಕೆಲವೊಮ್ಮೆ ಬಿಟ್ಟು ಬಿಟ್ಟು ಸಿಕ್ಕಿಕೊಳ್ಳುತ್ತದೆ. ನಾಲ್ಕು ಬಡಿತ ಸರಿಯಾಗಿ ತೆರೆದು ಐದನೆಯದರಲ್ಲಿ ನಿಂತುಬಿಡುತ್ತದೆ. ಉದ್ದನೆಯ ರೆಕಾರ್ಡಿಂಗ್ ಇಲ್ಲದಿದ್ದರೆ ಅದು ಕಣ್ತಪ್ಪಿಯೇ ಹೋಗುತ್ತದೆ.

ಮೂರು ಅಳತೆ ಒಟ್ಟಿಗೆ

ಮೈಟ್ರಲ್ ಜಾಗದ ಮೆಕ್ಯಾನಿಕಲ್ ಕವಾಟಕ್ಕೆ ಗ್ರೇಡಿಯಂಟ್ ಜೊತೆಗೆ ಇನ್ನೂ ಮೂರು ಅಳತೆ ಬೇಕು. ಮೊದಲನೆಯದು ಇ ಅಲೆಯ, ಅಂದರೆ ಹೃತ್ಕುಕ್ಷಿ ತುಂಬುವ ಆರಂಭದಲ್ಲಿ ಕವಾಟ ಹಾಯುವ ರಕ್ತದ, ವೇಗ. ಎರಡನೆಯದು ಕವಾಟದ ವಿಟಿಐಯನ್ನು (ಒಂದು ಬಡಿತದಲ್ಲಿ ರಕ್ತ ಸಾಗುವ ದೂರ) ಎಡ ಹೃತ್ಕುಕ್ಷಿಯ ಔಟ್‌ಫ್ಲೋ (ರಕ್ತ ಹೊರಹೋಗುವ ದಾರಿ) ವಿಟಿಐಯಿಂದ ಭಾಗಿಸಿದ ಅನುಪಾತ. ಮೂರನೆಯದು ಪ್ರೆಶರ್ ಹಾಫ್ ಟೈಮ್, ಅಂದರೆ ಒತ್ತಡದ ವ್ಯತ್ಯಾಸ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ. ಇ ವೇಗ ಸೆಕೆಂಡಿಗೆ 1.9 ಮೀಟರ್ ಒಳಗೆ, ಅನುಪಾತ 2.2ರ ಒಳಗೆ, ಹಾಫ್ ಟೈಮ್ 130 ಮಿಲಿಸೆಕೆಂಡ್ ಒಳಗೆ ಇದ್ದು ಗ್ರೇಡಿಯಂಟ್ 5 ದಾಟದಿದ್ದರೆ ಸಾಮಾನ್ಯ. ವೇಗ 2.5, ಅನುಪಾತ 2.5, ಹಾಫ್ ಟೈಮ್ 200, ಗ್ರೇಡಿಯಂಟ್ 10 ದಾಟಿದರೆ ತಡೆ ಇದೆಯೆಂದೇ ಹಿಡಿಯಬೇಕು. ನಡುವಿನ ಜಾಗ ಅನುಮಾನದ್ದು.

ಈ ಮೂರು ಅಳತೆಗಳು ಒಂದರ ಜೊತೆ ಒಂದು ಹೇಗೆ ಕೂಡುತ್ತವೆ ಎಂಬುದರಲ್ಲೇ ಉತ್ತರವಿದೆ. ವೇಗ ಹೆಚ್ಚು, ಅನುಪಾತ ಹೆಚ್ಚು, ಹಾಫ್ ಟೈಮ್ ಉದ್ದ: ಕವಾಟ ಕಟ್ಟಿಕೊಂಡಿದೆ. ವೇಗ ಹೆಚ್ಚು, ಅನುಪಾತ ಹೆಚ್ಚು, ಆದರೆ ಹಾಫ್ ಟೈಮ್ ಗಿಡ್ಡ: ಕವಾಟ ಸೋರುತ್ತಿದೆ, ಹಿಂದಕ್ಕೆ ಹೋದ ರಕ್ತವೇ ಮತ್ತೆ ಮುಂದಕ್ಕೆ ಬರುತ್ತಿದೆ. ವೇಗ ಮಾತ್ರ ಹೆಚ್ಚು, ಉಳಿದೆರಡೂ ಸಾಮಾನ್ಯ: ಇಡೀ ದೇಹದಲ್ಲೇ ರಕ್ತದ ಓಟ ಹೆಚ್ಚಿದೆ. ರಕ್ತಹೀನತೆ, ಬಸಿರು, ಜ್ವರ, ಥೈರಾಯ್ಡ್ ಕಡೆ ನೋಡಿ.

ನಮ್ಮ ಹೆಣ್ಣುಮಗಳಲ್ಲಿ ವೇಗ 2.6, ಅನುಪಾತ 3.1, ಉದ್ದನೆಯ ಡಯಾಸ್ಟೊಲಿ (ಹೃದಯ ತುಂಬಿಕೊಳ್ಳುವ ಅವಧಿ) ಇದ್ದ ಬಡಿತ ಆರಿಸಿ ಅಳೆದ ಹಾಫ್ ಟೈಮ್ 220. ರಕ್ತಹೀನತೆ ಇದ್ದದ್ದು ನಿಜ. ಆದರೆ ರಕ್ತಹೀನತೆ ಹಾಫ್ ಟೈಮನ್ನು ಉದ್ದ ಮಾಡುವುದಿಲ್ಲ. ಅದಾದ ಕೆಲವೇ ತಿಂಗಳಲ್ಲಿ ಏಳು ತಿಂಗಳ ಬಸುರಿಯೊಬ್ಬರು ಅದೇ ಬಗೆಯ ಕವಾಟದೊಂದಿಗೆ ಬಂದರು. ಗ್ರೇಡಿಯಂಟ್ 11, ಬಡಿತ 122. ಅನುಪಾತ 1.8, ಹಾಫ್ ಟೈಮ್ 90. ಬಸಿರಿನಲ್ಲಿ ಹೆಪ್ಪಿನ ಅಪಾಯ ಹೆಚ್ಚಾದ್ದರಿಂದ ರೆಕ್ಕೆಗಳನ್ನು ಕಣ್ಣಾರೆ ನೋಡುವ ತನಕ ನನಗೆ ಸಮಾಧಾನವಾಗಲಿಲ್ಲ, ಆದರೆ ಎರಡೂ ಚೆನ್ನಾಗಿ ಆಡುತ್ತಿದ್ದವು. ಗ್ರೇಡಿಯಂಟ್ ಒಂದನ್ನೇ ನೋಡಿದ್ದರೆ ಇಬ್ಬರೂ ಒಂದೇ ಥರ ಕಾಣುತ್ತಿದ್ದರು.

ಎರಡು ಎಚ್ಚರಿಕೆ. 220ನ್ನು ಹಾಫ್ ಟೈಮಿನಿಂದ ಭಾಗಿಸಿ ಕವಾಟದ ವಿಸ್ತೀರ್ಣ ಹೇಳುವ ಸೂತ್ರ ಹುಟ್ಟು ಕವಾಟದ ಸ್ಟೆನೋಸಿಸ್‌ಗೆ (ಕಿರಿದಾಗುವಿಕೆಗೆ) ಮಾಡಿದ್ದು, ಕೃತಕ ಕವಾಟಕ್ಕೆ ಅದನ್ನು ಹಚ್ಚಬೇಡಿ. ಅಯೋರ್ಟಿಕ್ ಕವಾಟವೂ ಸೋರುತ್ತಿದ್ದರೆ ಔಟ್‌ಫ್ಲೋ ವಿಟಿಐ ಉಬ್ಬುತ್ತದೆ, ಆಗ ಅನುಪಾತ ಸುಳ್ಳಾಗಿ ಚೆಂದ ಕಾಣುತ್ತದೆ.

ರೆಕ್ಕೆ ಆಡುತ್ತಿದೆಯೇ?

ಎದೆಯ ಮೇಲಿಂದ ರೆಕ್ಕೆ ಕಂಡರೆ ಅದೃಷ್ಟ. ಬಹಳ ಸಲ ಅನ್ನನಾಳದ ಮೂಲಕ ಮಾಡುವ ಟಿಇಇ ಬೇಕೇ ಬೇಕು. ಮೈಟ್ರಲ್ ಕವಾಟ ಅನ್ನನಾಳಕ್ಕೆ ಅಂಟಿದಂತೆಯೇ ಇರುವುದರಿಂದ ಅಲ್ಲಿ ಎಲ್ಲವೂ ನಿಚ್ಚಳ. ರೋಗಿ ಮಲಗಲಾರದಷ್ಟು ಉಬ್ಬಸದಲ್ಲಿದ್ದರೆ ಕ್ಯಾಥ್ ಲ್ಯಾಬಿನ ಫ್ಲೋರೋಸ್ಕೋಪಿ (ಚಲಿಸುವ ಎಕ್ಸ್‌ರೇ) ಎರಡು ನಿಮಿಷದ ಕೆಲಸ, ಸೂಜಿಯನ್ನೂ ಚುಚ್ಚಬೇಕಿಲ್ಲ. ಎರಡು ರೆಕ್ಕೆಯ ಕವಾಟವನ್ನು ಸರಿಯಾದ ಕೋನದಲ್ಲಿ ಹಿಡಿದರೆ ಯಾವ ರೆಕ್ಕೆ ನಿಂತಿದೆ ಎಂದು ಕಣ್ಣಿಗೇ ಕಾಣುತ್ತದೆ.

ಇಲ್ಲೊಂದು ಮಾತನ್ನು ನಮ್ಮ ಕಡೆಯವರು ನೆನಪಿಡಬೇಕು. ನಮ್ಮಲ್ಲಿ ಬಹಳ ಜನರ ಎದೆಯಲ್ಲಿರುವುದು ಚಿತ್ರಾ ಕವಾಟ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ರೂಪುಗೊಂಡು 1990ರಲ್ಲಿ ಮೊದಲ ಸಲ ರೋಗಿಯೊಬ್ಬರಿಗೆ ಅಳವಡಿಸಿದ, ಬೆಲೆಯಲ್ಲಿ ಬಡವರ ಕೈಗೆಟುಕಿದ ಕವಾಟ ಅದು. ಓರೆಯಾಗಿ ತೆರೆಯುವ ಅದರ ಒಂಟಿ ತಟ್ಟೆ ಪಾಲಿಥೀನ್ ಜಾತಿಯ ಪ್ಲಾಸ್ಟಿಕ್‌ನದು. ಎಕ್ಸ್‌ರೇ ಕಿರಣ ಅದನ್ನು ಹಾಯ್ದು ಹೋಗುತ್ತದೆ, ಲೋಹದ ಚೌಕಟ್ಟು ಮಾತ್ರ ಪರದೆಯ ಮೇಲೆ ಕಾಣುತ್ತದೆ. ಫ್ಲೋರೋಸ್ಕೋಪಿಯಲ್ಲಿ “ತಟ್ಟೆ ಕಾಣಿಸಲಿಲ್ಲ” ಎಂದು ಗಾಬರಿಯಾಗುವುದೂ ಬೇಡ, ಅದನ್ನು ನೆಚ್ಚಿ ಸಮಯ ಕಳೆಯುವುದೂ ಬೇಡ. ಚಿತ್ರಾ ಕವಾಟಕ್ಕೆ ಎಕೋವೇ ಕಣ್ಣು. ವಾಲ್ವ್ ಕಾರ್ಡ್ ಮೊದಲು ಕೇಳಿ ಎಂದದ್ದು ಇದಕ್ಕೂ ಹೌದು.

ಹೆಪ್ಪೋ ಪ್ಯಾನಸ್ಸೋ

ರೆಕ್ಕೆ ನಿಂತಿದೆ ಎಂದು ಗೊತ್ತಾಯಿತು. ನಿಲ್ಲಿಸಿದ್ದು ಯಾವುದು? ಹೊಸದಾಗಿ ಕಟ್ಟಿದ ಹೆಪ್ಪಾದರೆ ಮದ್ದಿನಿಂದ ಕರಗಬಹುದು. ಹೊಲಿಗೆಯ ಉಂಗುರದಿಂದ ಒಳಕ್ಕೆ ಬೆಳೆದ ನಾರು ಅಂಗಾಂಶ, ಅಂದರೆ ಪ್ಯಾನಸ್ ಆದರೆ ಯಾವ ಮದ್ದಿಗೂ ಜಗ್ಗುವುದಿಲ್ಲ.

ರೋಗಿಯ ಕಥೆಯೇ ಅರ್ಧ ಉತ್ತರ ಕೊಡುತ್ತದೆ. ಕೆಲವೇ ದಿನದ ಉಬ್ಬಸ, ಐಎನ್‌ಆರ್ ಬಿದ್ದಿದೆ, ಮೈಟ್ರಲ್ ಜಾಗ ಎಂದರೆ ಹೆಪ್ಪಿನ ಕಡೆ ವಾಲಿ. ಶಸ್ತ್ರಚಿಕಿತ್ಸೆಯಾಗಿ ವರ್ಷಗಳಾಗಿವೆ, ಮಾತ್ರೆ ಸರಿಯಾಗಿ ನಡೆದಿದೆ, ತಿಂಗಳುಗಟ್ಟಲೆ ನಿಧಾನವಾಗಿ ಸುಸ್ತು ಏರಿದೆ, ಅಯೋರ್ಟಿಕ್ ಜಾಗ ಎಂದರೆ ಪ್ಯಾನಸ್ ಕಡೆ. ಎಕೋದಲ್ಲಿ ಹೆಪ್ಪು ದೊಡ್ಡದು, ಮೆತ್ತನೆಯದು, ಹೃದಯದ ಸ್ನಾಯುವಿನಷ್ಟೇ ಬೂದು, ತುದಿ ಅಲ್ಲಾಡುತ್ತಿರುತ್ತದೆ. ಪ್ಯಾನಸ್ ಚಿಕ್ಕದು, ಬೆಳ್ಳಗೆ ಗಟ್ಟಿ, ಉಂಗುರಕ್ಕೆ ಅಂಟಿಕೊಂಡದ್ದು. ಎಕೋದಲ್ಲಿ ಬಗೆಹರಿಯದಿದ್ದರೆ ಸಿಟಿ ಮಾಡಿಸಿ, ಸಾಂದ್ರತೆ 145 ಹೌನ್ಸ್‌ಫೀಲ್ಡ್ (ಸಿಟಿಯ ಸಾಂದ್ರತೆಯ ಮಾನ) ಮೇಲಿದ್ದರೆ ಪ್ಯಾನಸ್ ಎನ್ನಬಹುದು. ಎರಡೂ ಒಂದರ ಮೇಲೊಂದು ಕೂತಿರುವುದೂ ಉಂಟು. ಪ್ಯಾನಸ್ ಮೇಲೆ ಕಟ್ಟಿದ ಹೆಪ್ಪು ಕರಗಿದರೂ ಗ್ರೇಡಿಯಂಟ್ ಅರ್ಧಕ್ಕೆ ಇಳಿದು ನಿಂತುಬಿಡುತ್ತದೆ.

ಹೆಪ್ಪು ಎಂದಾದರೆ ಅದರ ವಿಸ್ತೀರ್ಣ ಅಳೆದು ಬರೆಯಿರಿ. 0.8 ಚದರ ಸೆಂ.ಮೀ. ದಾಟಿದ ಹೆಪ್ಪನ್ನು ಕರಗಿಸಹೊರಟರೆ ಚೂರು ಮಿದುಳಿಗೆ ಹಾರುವಂಥ ತೊಡಕುಗಳು ಹೆಚ್ಚು. ಎಡ ಹೃತ್ಕರ್ಣವನ್ನೂ ಅದರ ಅಪೆಂಡೇಜನ್ನೂ (ಪಕ್ಕದ ಸಣ್ಣ ಚೀಲ) ತಪ್ಪದೆ ನೋಡಿ. ಕರಗಿಸುವುದೋ, ಎದೆ ತೆರೆಯುವುದೋ ಎಂಬುದು ಹೃದ್ರೋಗ ತಜ್ಞರೂ ಸರ್ಜನ್ನರೂ ಒಟ್ಟಿಗೆ ಕೂತು ಮಾಡುವ ತೀರ್ಮಾನ. ಅದಕ್ಕೆ ಬೇಕಾದ ಅಳತೆ ನಮ್ಮ ವರದಿಯಲ್ಲಿರಬೇಕು. ಆ ರಾತ್ರಿ ಟಿಇಇಯಲ್ಲಿ ಒಂದು ರೆಕ್ಕೆ ಮುಚ್ಚಿದ ಭಂಗಿಯಲ್ಲೇ ನಿಂತಿತ್ತು, ಕರ್ಣದ ಕಡೆ 0.6 ಚದರ ಸೆಂ.ಮೀ.ನ ಮೆತ್ತನೆಯ ಹೆಪ್ಪು. ಹೆಪ್ಪು ಕರಗಿಸುವ ಮದ್ದಾದ ಆಲ್ಟೆಪ್ಲೇಸ್ 25 ಮಿ.ಗ್ರಾಂ.ನ್ನು ಆರು ತಾಸಿನಲ್ಲಿ ನಿಧಾನವಾಗಿ ಕೊಟ್ಟು ಮತ್ತೆ ಎಕೋ ಮಾಡಿದರೆ ಗ್ರೇಡಿಯಂಟ್ 9. ಇನ್ನೊಂದು ಸಲ ಕೊಟ್ಟ ಮೇಲೆ ಬಡಿತ 84ರಲ್ಲಿ 5. ಗಂಡ ಎದೆಗೆ ಕಿವಿ ಹಚ್ಚಿ ಕೇಳಿ, “ಬಂತ್ರಿ ಸಪ್ಪಳ” ಅಂದ.

ನೆರಳಿನೊಳಗಿನ ಸೋರಿಕೆ

ಕೃತಕ ಕವಾಟದ ಎಕೋದಲ್ಲಿ ನಾವು ಅತಿ ಹೆಚ್ಚು ಮೋಸಹೋಗುವುದು ಇಲ್ಲಿ. ಕವಾಟದ ಗಟ್ಟಿ ವಸ್ತು ಧ್ವನಿಯ ಅಲೆಯನ್ನು ತಡೆದು ತನ್ನ ಹಿಂದೆ ಕಪ್ಪು ನೆರಳು ಚೆಲ್ಲುತ್ತದೆ. ಹೃದಯದ ತುದಿಯ ಕಡೆಯಿಂದ ಪ್ರೋಬ್ ಇಟ್ಟಾಗ ಮೈಟ್ರಲ್ ಕವಾಟದ ನೆರಳು ಬೀಳುವುದು ಎಡ ಹೃತ್ಕರ್ಣದ ಮೇಲೆಯೇ, ಸೋರಿಕೆ ಹುಡುಕಬೇಕಾದ ಜಾಗವೂ ಅದೇ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತೇವಲ್ಲ, ಹಾಗೆ. ಬಣ್ಣದ ಡಾಪ್ಲರ್‌ನಲ್ಲಿ ಏನೂ ಕಾಣದೆ “ಸೋರಿಕೆ ಇಲ್ಲ” ಎಂದು ಬರೆದ ವರದಿ ಹಿಡಿದು, ಕಪ್ಪು ಮೂತ್ರ ಹೋಗುವ, ಬಿಳಿಚಿಕೊಂಡ ರೋಗಿ ಊರೂರು ಅಲೆಯುವುದನ್ನು ಕಂಡಿದ್ದೇನೆ. ಇಕ್ಕಟ್ಟಿನ ಸಂದಿಯಲ್ಲಿ ನುಗ್ಗುವ ರಕ್ತದ ಕಣಗಳು ಒಡೆದು ಹಾಗಾಗುತ್ತದೆ. ರಕ್ತಕಣ ಒಡೆದಾಗ ರಕ್ತದಲ್ಲಿ ಹೆಚ್ಚುವ ಎಲ್‌ಡಿಎಚ್ ಏರಿದ್ದರೆ ಕವಾಟದ ಸುತ್ತ ಸೋರಿಕೆ ಇದೆಯೆಂದು ಗಟ್ಟಿಯಾಗಿ ಸಂಶಯಪಡಿ.

ನೆರಳಿನಾಚೆ ಕಾಣದಿದ್ದರೂ ಈಚೆಯ ಗುರುತುಗಳು ಸುಳಿವು ಕೊಡುತ್ತವೆ. ಇ ವೇಗ ಏರಿದೆ, ಹಾಫ್ ಟೈಮ್ ಗಿಡ್ಡ. ಹೃತ್ಕುಕ್ಷಿ ಜೋರಾಗಿ ಬಡಿಯುತ್ತಿದೆ, ಆದರೂ ಔಟ್‌ಫ್ಲೋ ವಿಟಿಐ ಚಿಕ್ಕದು. ಶ್ವಾಸಕೋಶದ ಒತ್ತಡ ಕಳೆದ ಸಲಕ್ಕಿಂತ ಹೆಚ್ಚು. ಉಂಗುರದ ಹೃತ್ಕುಕ್ಷಿ ಬದಿಯಲ್ಲಿ ರಕ್ತ ಒಂದು ಬಿಂದುವಿನತ್ತ ಸುರುಳಿಯಾಗಿ ನುಗ್ಗುತ್ತಿದೆ. ಇವುಗಳಲ್ಲಿ ಎರಡು ಕಂಡರೂ ಟಿಇಇ ಮಾಡಿ. ಟಿಇಇಯಲ್ಲಿ ನೆರಳು ಹೃತ್ಕುಕ್ಷಿಯ ಕಡೆಗೆ ಬಿದ್ದು ಕರ್ಣ ಬೆಳಗುತ್ತದೆ. ಅಯೋರ್ಟಿಕ್ ಕವಾಟಕ್ಕೆ ಟಿಇಇಯಲ್ಲಿ ಮುಂಬದಿಯೇ ನೆರಳಾಗುವುದರಿಂದ ಅಲ್ಲಿ ಎದೆಯ ಮೇಲಿನ ಎಕೋವೂ ಬೇಕು.

ಕಂಡ ಜೆಟ್ (ರಕ್ತದ ಚಿಮ್ಮು) ಎಲ್ಲವೂ ದೋಷವಲ್ಲ. ಎರಡು ರೆಕ್ಕೆಯ ಕವಾಟ ತನ್ನನ್ನು ತಾನೇ ತೊಳೆದುಕೊಳ್ಳಲೆಂದು ಉಂಗುರದ ಒಳಗಿಂದ ಕೆಲವು ಸಣ್ಣ, ಗಿಡ್ಡ ಜೆಟ್ ಬಿಡುತ್ತದೆ. ಹೊಲಿಗೆಯ ಉಂಗುರದ ಹೊರಗಿಂದ ಬರುವುದು ದೋಷ. ಜಾಗವನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಬರೆಯಿರಿ: ಸರ್ಜನ್ ಕಣ್ಣಿನಿಂದ ನೋಡಿದಾಗ ಅಯೋರ್ಟಿಕ್ ಕವಾಟ 12 ಗಂಟೆಗೆ, ಅಪೆಂಡೇಜ್ 9ಕ್ಕೆ, ಕರ್ಣಗಳ ನಡುವಿನ ಗೋಡೆ 3ಕ್ಕೆ. ಪ್ಲಗ್ ಹಾಕಿ ಮುಚ್ಚುವವರಿಗೂ ಮತ್ತೆ ಹೊಲಿಯುವವರಿಗೂ ಈ ಒಂದು ಸಾಲು ದಾರಿ ತೋರಿಸುತ್ತದೆ. ಕವಾಟವೇ ತೂಗಾಡುತ್ತಿದ್ದರೆ ಹೊಲಿಗೆ ಸಾಕಷ್ಟು ಬಿಟ್ಟಿದೆ ಎಂದರ್ಥ, ಅಂಥವರನ್ನು ಮನೆಗೆ ಕಳಿಸಬೇಡಿ.

ಅಯೋರ್ಟಿಕ್ ಜಾಗದಲ್ಲಿ

ಇಲ್ಲಿ ವೇಗ ಸೆಕೆಂಡಿಗೆ 3 ಮೀಟರ್ ದಾಟಿದರೆ ಹುಡುಕಾಟ ಶುರು. ಔಟ್‌ಫ್ಲೋ ವೇಗವನ್ನು ಕವಾಟದ ವೇಗದಿಂದ ಭಾಗಿಸಿ: 0.30 ಅಥವಾ ಮೇಲಿದ್ದರೆ ಸಾಮಾನ್ಯ, 0.25ಕ್ಕಿಂತ ಕೆಳಗಿದ್ದರೆ ತಡೆ. ಜೆಟ್‌ನ ಆಕಾರವನ್ನೂ ನೋಡಿ. ಬೇಗ ಶಿಖರ ಮುಟ್ಟುವ ತ್ರಿಕೋನವಾದರೆ ಒಳ್ಳೆಯದು, ಶಿಖರ ಮುಟ್ಟಲು 100 ಮಿಲಿಸೆಕೆಂಡ್ ದಾಟುವ ಗುಮ್ಮಟವಾದರೆ ಕವಾಟ ಕಟ್ಟಿಕೊಂಡಿದೆ. ಅನುಪಾತ, ಆಕಾರ, ರೆಕ್ಕೆ ಮೂರೂ ಚೆನ್ನಾಗಿದ್ದೂ ಗ್ರೇಡಿಯಂಟ್ ಮೊದಲ ದಿನದಿಂದಲೇ ಹೆಚ್ಚಿದ್ದರೆ, ದೇಹಕ್ಕೆ ಕವಾಟ ಚಿಕ್ಕದಾಯಿತು ಎಂದು ತಿಳಿಯಿರಿ. ತೆರವಿನ ವಿಸ್ತೀರ್ಣ ದೇಹದ ಪ್ರತಿ ಚದರ ಮೀಟರಿಗೆ 0.65 ಚದರ ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ. ಇನ್ನು 19 ಮಿ.ಮೀ.ನಂಥ ಸಣ್ಣ ಕವಾಟದ ನಡುಸಂದಿಯಲ್ಲಿ ಡಾಪ್ಲರ್ ಗ್ರೇಡಿಯಂಟನ್ನು ನಿಜಕ್ಕಿಂತ ಹೆಚ್ಚು ತೋರಿಸುತ್ತದೆ.

ಎದೆ ಹೊಲಿದ ಮೊದಲ ದಿನಗಳು

ಐಸಿಯುನಲ್ಲಿ ಬಿಪಿ ಬೀಳುತ್ತಿದೆ, ಡ್ರೈನ್ ನಳಿಗೆಯಿಂದ ಬರುತ್ತಿದ್ದ ರಕ್ತ ಇದ್ದಕ್ಕಿದ್ದಂತೆ ನಿಂತಿದೆ. ನಿಂತಿತಲ್ಲ ಎಂದು ಸಮಾಧಾನಪಡುವ ಹೊತ್ತಲ್ಲ ಅದು, ನಳಿಗೆ ಕಟ್ಟಿರಬಹುದು. ಪುಸ್ತಕದಲ್ಲಿ ಓದಿದ ಹಾಗೆ ಹೃದಯದ ಸುತ್ತ ನೀರು ತೇಲುವ ಚಿತ್ರ ಇಲ್ಲಿ ಸಿಗುವುದಿಲ್ಲ. ಬಲ ಹೃತ್ಕರ್ಣದ ಪಕ್ಕವೋ ಎಡ ಹೃತ್ಕರ್ಣದ ಹಿಂದೆಯೋ ಒಂದು ಹೆಪ್ಪು ಕೂತು ಆ ಒಂದೇ ಕೋಣೆಯನ್ನು ಅಮುಕುತ್ತಿರುತ್ತದೆ. ಅದು ಯಕೃತ್ತಿನ ಹಾಗೆ ಬೂದಾಗಿ ಕಾಣುವುದರಿಂದ ಕಣ್ಣು ಜಾರಿಹೋಗುತ್ತದೆ. ಕೋಣೆಗಳನ್ನು ಒಂದೊಂದಾಗಿ ಎಣಿಸಿ, ಯಾವುದಾದರೂ ಸೀಳಿನಂತೆ ಚಪ್ಪಟೆಯಾಗಿದ್ದರೆ ಕಾರಣ ಹುಡುಕಿ. ಎದೆಯ ಮೇಲಿಂದ ಕಾಣದಿದ್ದರೆ ತಡಮಾಡದೆ ಟಿಇಇ.

ಹೀಗೆ ಹೃದಯವನ್ನು ಅಮುಕುವ ಟ್ಯಾಂಪೊನೇಡ್ ಅಲ್ಲದಿದ್ದರೆ ಪಕ್ಕದ ಗೋಡೆಯ ಚಲನೆ ನೋಡಿ. ಮೈಟ್ರಲ್ ಉಂಗುರದ ಹಿಂಬದಿಯಲ್ಲೇ ಸರ್ಕಂಫ್ಲೆಕ್ಸ್ ರಕ್ತನಾಳ ಹಾದುಹೋಗುತ್ತದೆ, ಹೊಲಿಗೆಯ ದಾರ ಅದನ್ನು ಬಿಗಿದಿರಬಹುದು. ಮೈಟ್ರಲ್ ದುರಸ್ತಿಯಾದವರಲ್ಲಿ ಮುಂದಿನ ಎಲೆ ಔಟ್‌ಫ್ಲೋ ಕಡೆಗೆ ಸೆಳೆದುಕೊಂಡು ದಾರಿ ಮುಚ್ಚುತ್ತಿದೆಯೇ ನೋಡಿ. ಹಾಗಿದ್ದರೆ ಬಿಪಿ ಏರಿಸಲೆಂದು ಕೊಡುತ್ತಿರುವ ಅಡ್ರಿನಲಿನ್, ಡೊಬ್ಯುಟಮಿನ್‌ಗಳೇ ಕೇಡು ಹೆಚ್ಚಿಸುತ್ತಿವೆ. ಅವನ್ನು ಇಳಿಸಿ ದ್ರವ ಕೊಟ್ಟು ಬಡಿತ ತಗ್ಗಿಸಿದರೆ ಬಹಳ ಸಲ ಬಿಡುತ್ತದೆ.

ಬಲೂನ್ ಚಿಕಿತ್ಸೆಯ ಟೇಬಲ್ ಮೇಲೆ

ಜಪಾನಿನ ಕಾಂಜಿ ಇನೋವೆ 1980ರ ದಶಕದಲ್ಲಿ ತಂದ, ಕಿರಿದಾದ ಮೈಟ್ರಲ್ ಕವಾಟವನ್ನು ಹಿಗ್ಗಿಸುವ ಬಲೂನ್ ನಮ್ಮಲ್ಲಿ ಎಷ್ಟೋ ಬಡ ಹೆಣ್ಣುಮಕ್ಕಳ ಎದೆ ತೆರೆಯುವುದನ್ನು ತಪ್ಪಿಸಿದೆ. ಬಿಪಿ ಬಿದ್ದರೆ ಬೇರೆ ಏನನ್ನೂ ಯೋಚಿಸುವ ಮೊದಲು ಹೃದಯದ ಸುತ್ತ ರಕ್ತವಿದೆಯೇ ನೋಡಿ. ಬಲೂನ್ ಒಯ್ಯಲು ಕರ್ಣಗಳ ನಡುವಿನ ಗೋಡೆ ದಾಟಿಸುವ ಸೂಜಿ ಹೊರಗೆ ಚುಚ್ಚಿರಬಹುದು. ವೇಗವಾಗಿ ತುಂಬಿದರೆ ಸ್ವಲ್ಪ ರಕ್ತವೇ ಹೃದಯವನ್ನು ನಿಲ್ಲಿಸುವಷ್ಟು ಅಮುಕುತ್ತದೆ, ಆದ್ದರಿಂದ ಪದರ ತೆಳುವಾಗಿದೆ ಎಂದು ಕಡೆಗಣಿಸಬೇಡಿ.

ಬಲೂನ್ ಒಂದೊಂದು ಸಲ ಊದಿದ ಮೇಲೂ ಎಕೋ ಇಡಬೇಕು. ಅಂಟಿದ್ದ ಸಂದಿ ಬಿಟ್ಟ ಜಾಗದಲ್ಲಿ ಸಣ್ಣ ಸೋರಿಕೆ ಬಂದರೆ ತಾಳಿಕೊಳ್ಳಬಹುದು. ಒಂದು ಬದಿಗೆ ಜೋರಾಗಿ ಹೊಡೆಯುವ ಜೆಟ್, ಗಾಳಿಗೆ ಸಿಕ್ಕ ಬಾವುಟದಂತೆ ಬಡಿಯುವ ಎಲೆ ಕಂಡರೆ ಎಲೆಯೇ ಹರಿದಿದೆ, ಸರ್ಜನ್‌ಗೆ ಕರೆ ಹೋಗಬೇಕು.

ಎಷ್ಟು ತೆರೆಯಿತು ಎಂದು ಅಳೆಯುವಾಗ ಹಾಫ್ ಟೈಮ್ ಬಳಸಬೇಡಿ. ಕರ್ಣದ ಒತ್ತಡ ಏಕಾಏಕಿ ಇಳಿದಿರುವುದರಿಂದ ಮೊದಲ ಒಂದೆರಡು ದಿನ ಅದು ತಪ್ಪು ಹೇಳುತ್ತದೆ. ಎಲೆಗಳ ತುದಿಯಲ್ಲಿ ಅಡ್ಡಸೀಳು ಹಿಡಿದು ಬಾಯಿಯ ಸುತ್ತ ಗೆರೆ ಎಳೆದು ಅಳೆಯುವ ಪ್ಲಾನಿಮೆಟ್ರಿಯೇ ಸರಿ. ಗೋಡೆಯಲ್ಲಿ ಉಳಿದ ತೂತು ದೊಡ್ಡದಾಗಿದ್ದರೆ ಕರ್ಣದ ರಕ್ತ ಅಲ್ಲಿಂದ ಬಸಿದು ಗ್ರೇಡಿಯಂಟ್ ಇಳಿದಂತೆ ತೋರುತ್ತದೆ, ಕವಾಟ ಮಾತ್ರ ಇನ್ನೂ ಬಿಗಿಯಾಗಿಯೇ ಇರುತ್ತದೆ.

ಜ್ವರ ಬಂದರೆ

ಕೃತಕ ಕವಾಟ ಇರುವವರಿಗೆ ಕಾರಣ ತಿಳಿಯದ ಜ್ವರ ಬಂದರೆ ಆಂಟಿಬಯೋಟಿಕ್ ಮುಟ್ಟಿಸುವ ಮೊದಲು ಬ್ಲಡ್ ಕಲ್ಚರ್ ಹೋಗಲಿ, ಜೊತೆಗೆ ಟಿಇಇ. ಮೊದಲ ಸಲ ಏನೂ ಕಾಣದೆ ಸಂಶಯ ಉಳಿದರೆ 5ರಿಂದ 7 ದಿನ ಬಿಟ್ಟು ಮತ್ತೆ ಮಾಡಿ. ಉಂಗುರದ ಸುತ್ತ ಗೋಡೆ ದಪ್ಪಗಾಗಿದ್ದು ಇಸಿಜಿಯಲ್ಲಿ ಪಿಆರ್ ಅಂತರ (ಕರ್ಣದಿಂದ ಕುಕ್ಷಿಗೆ ವಿದ್ಯುತ್ ಸಂಕೇತ ತಲುಪುವ ಸಮಯ) ಉದ್ದವಾಗುತ್ತಿದ್ದರೆ ಒಳಗೆ ಕೀವು ಕಟ್ಟುತ್ತಿದೆ ಎಂದೇ ಎಣಿಸಿ.

ವರದಿ

ಕವಾಟದ ಜಾತಿ, ಅಳತೆ, ಹಾಕಿದ ದಿನ. ಆ ಹೊತ್ತಿನ ಬಡಿತ, ಲಯ, ಬಿಪಿ. ಗ್ರೇಡಿಯಂಟ್, ಅದರ ಪಕ್ಕದಲ್ಲೇ ಹಿಂದಿನ ಗ್ರೇಡಿಯಂಟ್. ವೇಗ, ಅನುಪಾತ, ಹಾಫ್ ಟೈಮ್. ರೆಕ್ಕೆ ಕಂಡಿತೋ ಇಲ್ಲವೋ. ಕಾಣದಿದ್ದರೆ “ಕಾಣಲಿಲ್ಲ” ಎಂದೇ ಬರೆಯಿರಿ, “ಸಹಜ” ಎಂದಲ್ಲ. ಶಸ್ತ್ರಚಿಕಿತ್ಸೆಯಾಗಿ ಒಂದೂವರೆಯಿಂದ ಮೂರು ತಿಂಗಳೊಳಗೆ, ರಕ್ತಹೀನತೆ ಸರಿಹೋಗಿ ಬಡಿತ ನೆಲೆಗೊಂಡ ಮೇಲೆ ಒಂದು ಎಕೋ ಮಾಡಿ, ಆ ಸಂಖ್ಯೆಗಳನ್ನು ವಾಲ್ವ್ ಕಾರ್ಡಿನ ಹಿಂಬದಿಯಲ್ಲೇ ಬರೆದು ಕೊಡಿ. ಫೈಲು ಮನೆಯಲ್ಲಿ ಉಳಿಯುತ್ತದೆ, ಕಾರ್ಡ್ ಪರ್ಸಿನಲ್ಲಿರುತ್ತದೆ.